ಸದ್ದು ನಿಂತಾಗ ಶುರುವಾಗುವ ಭಯ

ನಮ್ಮ ಕಲಬುರಗಿ ಕೋಟೆಯ ಬಾರಾ ಗಜ್ ತೋಪು ಅನ್ನುವ ಫಿರಂಗಿ ನೋಡಿದವರೆಲ್ಲ ಕೇಳುವುದು ಒಂದೇ ಮಾತು: ಇದು ಹಾರಿದರೆ ಸದ್ದು ಎಷ್ಟಿರಬಹುದು? 29 ಅಡಿ ಉದ್ದ ಅಂತಾರೆ, ಮುಂದೆ ನಿಂತಾಗ ಹಾಗನ್ನಿಸುವುದು ಸಹಜ. ಆದರೆ ಯುದ್ಧದ ಸಿನಿಮಾ ಮಾಡುವವರೂ ಸದ್ದಿಗೇ ಸೋತುಬಿಡುತ್ತಾರಲ್ಲ, ಅದೇ ನನ್ನ ತಕರಾರು.

ಇವತ್ತು ಒಂದೇ ದೃಶ್ಯದ ಬಗ್ಗೆ ಮಾತಾಡುತ್ತೇನೆ. 1981ರ ಜರ್ಮನ್ ಸಿನಿಮಾ 'ದಾಸ್ ಬೂಟ್'. ನಿರ್ದೇಶಕ ವೋಲ್ಫ್‌ಗಾಂಗ್ ಪೀಟರ್ಸನ್. ಎರಡನೇ ಮಹಾಯುದ್ಧದ ಕಾಲ, ಜರ್ಮನ್ ಸಬ್‌ಮರೀನ್ ಆಳಕ್ಕೆ ಇಳಿದಿದೆ. ಮೇಲೆ ಬ್ರಿಟಿಷ್ ಯುದ್ಧನೌಕೆ ಹುಡುಕುತ್ತಿದೆ. ಹೆಡ್‌ಫೋನ್ ಹಾಕಿಕೊಂಡವನು ಪ್ರೊಪೆಲ್ಲರ್ ಸದ್ದಿಗೆ ಕಿವಿಗೊಟ್ಟು, ಹತ್ತಿರ ಬರ್ತಿದೆ ಅಂತ ಪಿಸುಗುಡುತ್ತಾನೆ. ಎಲ್ಲರೂ ತಲೆ ಎತ್ತಿ ಮೇಲೆ ನೋಡುತ್ತಾರೆ. ಮೇಲೇನಿದೆ? ಕಬ್ಬಿಣ, ಪೈಪು. ಆದರೂ ನೋಡುತ್ತಾರೆ. ಬೆವರಿದ ಮುಖ, ಕೆದರಿದ ಗಡ್ಡ. ಆಮೇಲೆ 'ಪಿಂಗ್'. ನೀರಿನಡಿ ಇರುವುದನ್ನು ಸದ್ದು ಬಿಟ್ಟು ಹುಡುಕುವ ಶತ್ರುವಿನ ಸೋನಾರ್ ಅದು, ಆ ಸದ್ದು ಬಂದು ಸಬ್‌ಮರೀನಿನ ಮೈಗೆ ಬಡಿಯುತ್ತದೆ. ಪಿಂಗ್... ಪಿಂಗ್...

ಯಾರದೋ ಫೋನ್ ಹೊಡ್ಕೊಳ್ತಿದೆ. ಇರಲಿ, ಎತ್ತಿ ಮಾತಾಡಿ, ನಾವೇನೂ ನೀರಿನಡಿ ಇಲ್ಲ! ಅಲ್ಲಿ ಒಂದು ಸ್ಪ್ಯಾನರ್ ಕೈಜಾರಿ ಬಿದ್ದರೂ ಮುಗೀತು.

ಇಲ್ಲೊಂದು ವಿಷಯ ತಿಳಿದಿದ್ದರೆ ದೃಶ್ಯ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಡೆಪ್ತ್ ಚಾರ್ಜ್ ಅನ್ನುವ ಬಾಂಬು ಮೊದಲೇ ಹೊಂದಿಸಿಟ್ಟ ಆಳಕ್ಕೆ ಹೋಗಿ ಸಿಡಿಯುತ್ತದೆ. ಸಿಡಿದಾಗ ನೀರೆಲ್ಲ ಕಲಕಿ, ಮೇಲಿನ ನೌಕೆಗೆ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ನಿಜವಾದ ಯುದ್ಧದಲ್ಲಿ ಸಬ್‌ಮರೀನಿನ ಕ್ಯಾಪ್ಟನ್‌ಗಳು ವೇಗ ಹೆಚ್ಚಿಸಿ ಜಾಗ ಬದಲಿಸುತ್ತಿದ್ದದ್ದು ಆ ಗದ್ದಲದಲ್ಲೇ. ಸದ್ದು ನಿಂತ ಮೇಲೆ ಉಸಿರು ಬಿಗಿಹಿಡಿದು ಕೂರಬೇಕು. ನಾನು ಮತ್ತೆ ಮತ್ತೆ ಅದೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ: ಬಾಂಬು ಸಿಡಿದಾಗಿನ ಭಯಕ್ಕಿಂತ ಮುಂದಿನದಕ್ಕೆ ಕಾಯುವ ಭಯ ಜಾಸ್ತಿ. ಸಿನಿಮಾ ಪೋಸ್ಟರಿನ ಕಲೆಯಲ್ಲಿ ಹೆಸರು ಮಾಡಿದ ನಮ್ಮೂರಿನ ಎಸ್.ಎಂ. ಪಂಡಿತರಿಗೂ ಈ ಕಾಯುವಿಕೆಯನ್ನು ಪೋಸ್ಟರಿಗೆ ತರುವುದು ಕಷ್ಟವಾಗುತ್ತಿತ್ತೇನೋ. ಇದು ಕಿವಿಯಲ್ಲಿ ನಡೆಯುವ ದೃಶ್ಯ.

ಹಿಟ್ಲರನ ಕಡೆಯವರಿಗಾಗಿ ನಾವ್ಯಾಕೆ ಹೆದರಬೇಕು ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಬ್‌ಮರೀನಿಗೆ ಹೋದ 40 ಸಾವಿರ ಜರ್ಮನ್ ನಾವಿಕರಲ್ಲಿ 30 ಸಾವಿರ ಜನ ಮರಳಲಿಲ್ಲ ಅಂತ ಸಿನಿಮಾ ಶುರುವಿನಲ್ಲೇ ಹೇಳಿಬಿಡುತ್ತದೆ. ಅವರನ್ನು ವೀರರು ಮಾಡುವುದಿಲ್ಲ. ಎಂಜಿನ್ ನೋಡಿಕೊಳ್ಳುವ ಯೋಹಾನ್ ಎಷ್ಟು ಗಟ್ಟಿ ಆಳು! ಅವನೇ ತಲೆಕೆಟ್ಟು ಹೊರಗೆ ಓಡಲು ನೋಡುತ್ತಾನೆ. ಆ ಹೊತ್ತಿಗೆ ಅವನು ಯಾವ ಕಡೆಯವನು ಅನ್ನುವುದು ನನಗೆ ನೆನಪಿರುವುದಿಲ್ಲ.

ಟೈಮ್ ಆಯ್ತು ಅಂತ ಚೀಟಿ ಬಂದಿದೆ. ಸಬ್‌ಮರೀನು ಜಿಬ್ರಾಲ್ಟರ್ ಜಲಸಂಧಿಯಲ್ಲಿ ಮುಳುಗುವ ದೃಶ್ಯ ಉಳಿದೇ ಹೋಯ್ತು. 280 ಮೀಟರ್ ಆಳ, ಬೋಲ್ಟುಗಳು ಗುಂಡಿನಂತೆ ಹಾರುತ್ತವೆ. ಅದನ್ನು ನೀವೇ ನೋಡಿ. ಒಂದೇ ಬೇಡಿಕೆ, ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ನೋಡಬೇಡಿ. ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತುಕೊಳ್ಳಿ.