ಬೇಸಿಗೆಯ ಗುಡುಗು ಮಳೆ: ತಂಪು ಗಾಳಿ ಬೀಸಿದ ಕೂಡಲೇ ಒಳಗೆ ಬನ್ನಿ

[ಪರದೆ: ಕರ್ನಾಟಕದ ನಕ್ಷೆ. ದಕ್ಷಿಣ ಒಳನಾಡಿನ ಜಿಲ್ಲೆಗಳು ಹಳದಿ ಬಣ್ಣದಲ್ಲಿ.]

ನಮಸ್ಕಾರ. ಏಪ್ರಿಲ್ ಕೊನೆ, ಮೇ ತಿಂಗಳು ಬಂತು ಅಂದ್ರೆ ಹವಾಮಾನ ಮುನ್ಸೂಚನೆಯಲ್ಲಿ ಒಂದೇ ಧಾಟಿಯ ಸಾಲು ಮತ್ತೆ ಮತ್ತೆ ಬರುತ್ತದೆ. ಒಳನಾಡಿನ ಕೆಲವು ಕಡೆ ಗುಡುಗು, ಮಿಂಚು, ಬಿರುಗಾಳಿ ಸಹಿತ ಮಳೆ. ಗರಿಷ್ಠ ಉಷ್ಣಾಂಶ ಎರಡು ಮೂರು ಡಿಗ್ರಿ ಇಳಿಯುವ ಸಾಧ್ಯತೆ.

ಓದಿದ ತಕ್ಷಣ ನಮ್ಮ ಕಣ್ಣು ಹೋಗುವುದು ಆ ಎರಡು ಮೂರು ಡಿಗ್ರಿ ಕಡೆಗೆ. ಅಬ್ಬಾ, ಸೆಕೆ ಕಡಿಮೆ ಆಗುತ್ತಲ್ಲ ಅಂತ. ಆದರೆ ಆ ತಂಪು ಎಲ್ಲಿಂದ ಬರುತ್ತೋ, ಸಿಡಿಲು ಬರುವುದೂ ಅಲ್ಲಿಂದಲೇ. ಇವತ್ತು ಮುಖ್ಯವಾಗಿ ಹೇಳಬೇಕಿರುವುದು ಇದನ್ನೇ.

[ಪರದೆ: ಮಧ್ಯಾಹ್ನದ ಆಕಾಶ. ಬಿಳಿ ಮೋಡ ಮೇಲಕ್ಕೆ ಬೆಳೆಯುತ್ತಿರುವ ವೇಗದ ದೃಶ್ಯ.]

ಬೆಳಗ್ಗೆ ಹತ್ತು ಗಂಟೆಗೆ ಆಕಾಶ ಪೂರ್ತಿ ಶುಭ್ರ. ನೆಲ ಕಾಯುತ್ತದೆ. ನೆಲದ ಹತ್ತಿರದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲಕ್ಕೆ ಏರುತ್ತದೆ. ಬರೀ ಬಿಸಿ ಇದ್ದರೆ ಮಳೆ ಬರುವುದಿಲ್ಲ, ತೇವವೂ ಬೇಕು. ಈ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಕಡೆಯಿಂದಲೂ ಬಂಗಾಳ ಕೊಲ್ಲಿಯ ಕಡೆಯಿಂದಲೂ ತೇವದ ಗಾಳಿ ಒಳನಾಡಿಗೆ ಬರುತ್ತದೆ. ವಿದರ್ಭ, ಮರಾಠವಾಡದಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡು, ಕೇರಳದ ಕಡೆಗೆ ಕಡಿಮೆ ಒತ್ತಡದ ಒಂದು ಉದ್ದನೆಯ ಪಟ್ಟಿ ಆಗಾಗ ಏರ್ಪಡುತ್ತದೆ. ಎರಡೂ ಕಡೆಯ ಗಾಳಿ ಕೂಡುವುದು ಅಲ್ಲೇ. ಕೂಡಿದ ಗಾಳಿಗೆ ಮೇಲೆ ಹೋಗುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಸಣ್ಣ ಮೋಡಗಳು ಹೂಕೋಸಿನ ಹಾಗೆ ಉಬ್ಬಿ ನಿಂತಿರುತ್ತವೆ. ದೊಡ್ಡದಾದ ಮೋಡ 12 ಕಿಲೋಮೀಟರ್‌ಗಿಂತಲೂ ಎತ್ತರ ಬೆಳೆಯುತ್ತದೆ. ಅಷ್ಟು ಎತ್ತರದಲ್ಲಿ ಇರುವುದು ಬರೀ ಮಂಜುಗಡ್ಡೆ. ಕೆಳಗೆ ನಾವು ಬೆವರು ಒರೆಸಿಕೊಳ್ಳುತ್ತಿರುವಾಗ ತಲೆ ಮೇಲೆ ಮಂಜುಗಡ್ಡೆಯ ಚೂರುಗಳು ಒಂದಕ್ಕೊಂದು ತಿಕ್ಕಾಡುತ್ತಿರುತ್ತವೆ. ಆ ತಿಕ್ಕಾಟದಿಂದಲೇ ಮೋಡದಲ್ಲಿ ವಿದ್ಯುತ್ ಕೂಡಿಕೊಳ್ಳುತ್ತದೆ. ಮೇಲೇರುವ ಗಾಳಿ ತುಂಬಾ ಜೋರಾಗಿದ್ದರೆ ಆ ಚೂರುಗಳು ಬೀಳಲಾಗದೆ ಅಲ್ಲೇ ದಪ್ಪವಾಗುತ್ತಾ ಹೋಗಿ, ಕೊನೆಗೆ ಆಲಿಕಲ್ಲಾಗಿ ಬೀಳುತ್ತವೆ.

[ಪರದೆ: ರಸ್ತೆಯಲ್ಲಿ ಧೂಳು, ಒಲೆದಾಡುವ ತೆಂಗಿನ ಮರಗಳು.]

ಈಗ ತಂಪಿನ ವಿಷಯಕ್ಕೆ ಬರೋಣ. ಮೋಡದಿಂದ ಹೊರಟ ಮಳೆಹನಿ ಕೆಳಗಿನ ಒಣ ಗಾಳಿಯಲ್ಲಿ ಅರ್ಧಂಬರ್ಧ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಆ ಗಾಳಿ ತಣ್ಣಗಾಗಿ, ಭಾರವಾಗಿ, ರಭಸದಿಂದ ಕೆಳಗೆ ಬಿದ್ದು ನಾಲ್ಕೂ ಕಡೆಗೆ ನುಗ್ಗುತ್ತದೆ. 36 ಡಿಗ್ರಿ ಇದ್ದದ್ದು ಅರ್ಧ ಗಂಟೆಯಲ್ಲಿ 25ಕ್ಕೆ ಇಳಿಯುವುದೂ ಉಂಟು. ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆಯೇ ಈ ಗಾಳಿ ಬಂದು ಮುಟ್ಟುತ್ತದೆ. ಕಿಟಕಿ ಬಾಗಿಲು ಪಟಪಟ ಬಡಿಯುತ್ತವೆ, ದೂರದಲ್ಲಿ ಎಲ್ಲೋ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಆಗ ನಾವೇನು ಮಾಡುತ್ತೇವೆ? ಟೆರೇಸಿಗೆ ಹೋಗುತ್ತೇವೆ. ಒಣಹಾಕಿದ ಬಟ್ಟೆ ತರಲು, ಫೋಟೋ ತೆಗೆಯಲು, ಸುಮ್ನೆ ಗಾಳಿಗೆ ನಿಲ್ಲಲು. ಮಕ್ಕಳು ಮಾವಿನಕಾಯಿ ಆರಿಸಲು ಮರದ ಕೆಳಗೆ ಓಡುತ್ತಾರೆ. ದಯವಿಟ್ಟು ಗಮನಿಸಿ. ಆ ಗಾಳಿ ನಿಮ್ಮನ್ನು ಮುಟ್ಟಿದೆ ಅಂದರೆ ಮೋಡ ಸಿಡಿಲು ಹೊಡೆಯುವಷ್ಟು ಹತ್ತಿರದಲ್ಲಿದೆ ಎಂದೇ ತಿಳಿಯಬೇಕು. ಮಳೆ ಬೀಳುತ್ತಿರುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯಬಲ್ಲದು. ಒಂದು ಹನಿಯೂ ಬಿದ್ದಿಲ್ಲ ಅಂತ ಹೊರಗೆ ಇರಬೇಡಿ.

ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಹೆಚ್ಚಿನವರು ಹೊಲದಲ್ಲಿ ಕೆಲಸ ಮಾಡುವವರು, ದನ ಕುರಿ ಕಾಯುವವರು. ಬಯಲುಸೀಮೆಯಲ್ಲಿ ಕುರಿ ಮೇಯಿಸುತ್ತಿರುವವರನ್ನು ನೆನೆಸಿಕೊಳ್ಳಿ. ಸುತ್ತ ಮೈಲುಗಟ್ಟಲೆ ಒಂದು ಮನೆಯಿಲ್ಲ, ಇರುವುದು ಒಂದೇ ಬೇವಿನ ಮರ. ಮಳೆ ಬಂದರೆ ಅವರೂ ಕುರಿಗಳೂ ಹೋಗುವುದು ಅದರ ಕೆಳಗೇ. ಸಿಡಿಲು ಎತ್ತರದ ಮರಕ್ಕೆ ಬಡಿಯುತ್ತದೆ, ಕಾಂಡದಿಂದ ಪಕ್ಕದಲ್ಲಿ ನಿಂತ ಮನುಷ್ಯನ ಮೈಗೆ ಹಾರುತ್ತದೆ. ಉಳಿದದ್ದು ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಕುರಿ, ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ. ಕರೆಂಟು ಒಂದು ಕಾಲಲ್ಲಿ ಹತ್ತಿ, ಎದೆ ದಾಟಿ, ಇನ್ನೊಂದು ಕಾಲಲ್ಲಿ ಇಳಿಯುತ್ತದೆ. ಒಂದೇ ಸಿಡಿಲಿಗೆ ಹತ್ತಾರು ಕುರಿ ಸಾಯುವುದು ಹೀಗೆ.

ಗುಡುಗು ಕಿವಿಗೆ ಬಿತ್ತು ಅಂದರೆ ಪಕ್ಕಾ ಮನೆಯೊಳಗೆ ಹೋಗಿ. ಮೇಲೆ ಗಟ್ಟಿ ತಗಡಿನ ಚಾವಣಿ ಇರುವ, ಕಿಟಕಿ ಮುಚ್ಚಿದ ಕಾರು, ಬಸ್ಸೂ ಆಗಬಹುದು. ಬೈಕು, ಟ್ರ್ಯಾಕ್ಟರ್ ಬೇಡ. ನಾಲ್ಕೂ ಕಡೆ ತೆರೆದ ಶೆಡ್ಡು ಮಳೆಗೆ ಸರಿ, ಸಿಡಿಲಿಗೆ ಅಲ್ಲ. ರಬ್ಬರ್ ಚಪ್ಪಲಿ ಕಾಪಾಡುತ್ತೆ ಅನ್ನುವುದು ಸುಳ್ಳು. ಮೊಬೈಲ್ ಸಿಡಿಲನ್ನು ಎಳೆಯುತ್ತೆ ಅನ್ನುವುದೂ ಸುಳ್ಳು, ಆದರೆ ಚಾರ್ಜಿಗೆ ಹಾಕಿದ ಫೋನ್ ಹಿಡಿದು ಮಾತಾಡಬೇಡಿ. ಎಲ್ಲಿಗೂ ಹೋಗಲು ಆಗದಿದ್ದರೆ ಒಂಟಿ ಮರದಿಂದ ದೂರ ಸರಿದು, ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಮಲಗಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ‘ದಾಮಿನಿ’ ಆ್ಯಪ್ ನೀವಿರುವ ಜಾಗದ ಹತ್ತಿರ ಸಿಡಿಲಿನ ಸೂಚನೆ ಕೊಡುತ್ತದೆ. ಹೊಲದಲ್ಲಿ ದುಡಿಯುವ ಅಪ್ಪ, ಅಣ್ಣ, ಅಕ್ಕಂದಿರ ಫೋನಿಗೆ ಇವತ್ತೇ ಹಾಕಿಕೊಡಿ.

[ಪರದೆ: ಒಂದೆರಡು ಕಡೆ, ಕೆಲವು ಕಡೆ, ಹಲವು ಕಡೆ, ಬಹುತೇಕ ಕಡೆ.]

ಮಳೆ ಅಂತ ಹೇಳಿದ್ದರು, ನಮ್ಮ ಏರಿಯಾದಲ್ಲಿ ಬರಲೇ ಇಲ್ಲ ಅಂತ ಕಾಮೆಂಟ್ ಬರುತ್ತಲೇ ಇರುತ್ತದೆ. ಪರದೆ ಮೇಲಿರುವ ಈ ನಾಲ್ಕು ಮಾತಿಗೂ ಹವಾಮಾನ ಇಲಾಖೆಯಲ್ಲಿ ಲೆಕ್ಕವಿದೆ. ಒಂದೆರಡು ಕಡೆ ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ ಮಳೆ. ಕೆಲವು ಕಡೆ ಅಂದರೆ ಶೇ 50ರವರೆಗೆ, ಹಲವು ಕಡೆ ಶೇ 75ರವರೆಗೆ, ಅದಕ್ಕೂ ಮೇಲೆ ಹೋದರೆ ಬಹುತೇಕ ಕಡೆ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಬರುವುದು ಮೊದಲ ಎರಡೇ. ಯಲಹಂಕದಲ್ಲಿ ರಸ್ತೆ ತುಂಬಾ ನೀರು, ಜಯನಗರದಲ್ಲಿ ಧೂಳು ಅಂದರೆ ಮುನ್ಸೂಚನೆ ತಪ್ಪಿತು ಅಂತ ಅಲ್ಲ. ಮುನ್ಸೂಚನೆ ನಕ್ಷೆಯ ಬಣ್ಣಗಳೂ ಅಷ್ಟೇ. ಹಳದಿ ಬಂದರೆ ಗಮನ ಇಡಿ, ಕಿತ್ತಳೆ ಬಂದರೆ ಸಿದ್ಧರಾಗಿ, ಕೆಂಪು ಬಂದರೆ ತಕ್ಷಣ ಕ್ರಮ ತೆಗೆದುಕೊಳ್ಳಿ.

ಇನ್ನು, ತಂಪು ಎಷ್ಟು ದಿನ? ಒಂದೇ ಸಂಜೆಯ ಮಳೆಯಾದರೆ ಮಾರನೇ ದಿನ ಬೆಳಗ್ಗೆಯವರೆಗೆ, ಅಷ್ಟೇ. ಬಿಸಿಲು ಏರಿದ ಮೇಲೆ ಒದ್ದೆ ನೆಲದ ತೇವವೂ ಸೇರಿ ಧಗೆ ಇನ್ನೂ ಜಾಸ್ತಿ ಅನಿಸುತ್ತದೆ. ಆ ಕಡಿಮೆ ಒತ್ತಡದ ಪಟ್ಟಿ ನಾಲ್ಕೈದು ದಿನ ಅಲ್ಲೇ ನಿಂತರೆ, ಅಥವಾ ಹತ್ತಿರದ ಸಮುದ್ರದಲ್ಲಿ ವಾಯುಭಾರ ಕುಸಿತವಾದರೆ, ಹಗಲೂ ಮೋಡ ಮುಸುಕಿ ನಿಜವಾಗಿ ತಂಪಾಗುತ್ತದೆ. ಎರಡೂ ಆಗದ ವರ್ಷವೂ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರದಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. ಟ್ಯಾಂಕರ್ ನೀರಿಗೆ ಕಾದು ಕೂತ ಬೇಸಿಗೆ ಅದು. ಅದೇ ವರ್ಷ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಸುರಿಯಿತು. 30x40 ಅಡಿಯ ಒಂದು ಸೈಟಿನ ಮೇಲೆ ಬಿದ್ದ ನೀರೇ ಹನ್ನೆರಡು ಸಾವಿರ ಲೀಟರ್ ದಾಟುತ್ತದೆ. 6,000 ಲೀಟರ್‌ನ ಎರಡು ಟ್ಯಾಂಕರ್! ಅಷ್ಟೂ ಚರಂಡಿಗೆ ಹೋದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

[ಪರದೆ: ಉಳುಮೆ ಮಾಡಿದ ಕೆಂಪು ಹೊಲ. ನಂತರ ದ್ರಾಕ್ಷಿ ಒಣಗಿಸುವ ಶೆಡ್.]

ರೈತರಿಗೆ ಇದೇ ಮಳೆ ಒಂದೊಂದು ಕಡೆ ಒಂದೊಂದು ಥರ. ಭರಣಿ ಮಳೆ ಬಂದರೆ ಧರಣಿ ಬೆಳೆ ಅಂತಾರೆ, ಏಪ್ರಿಲ್ ಕೊನೆಗೆ ಹದವಾಗಿ ಬಿದ್ದರೆ ಉಳುಮೆ ಶುರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೂ ಅರಳಿಸುವ ಹೂಮಳೆ ಆದ ಮೇಲೆ ಇನ್ನೊಂದು ಮಳೆ ಬೇಕೇ ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಶ್ರೀನಿವಾಸಪುರದ ಮಾವಿಗೆ ಮಳೆಗಿಂತ ಗಾಳಿ, ಆಲಿಕಲ್ಲಿನ ಭಯ. ವಿಜಯಪುರದಲ್ಲಿ ದ್ರಾಕ್ಷಿ ಬಲೆಯ ಮೇಲೆ ಒಣಗಲು ಎರಡು ವಾರ ಬೇಕು. ನಡುವೆ ಇರಚಲು ಹೊಡೆದರೆ ಬಣ್ಣ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ, ವರ್ಷದ ದುಡಿಮೆಗೆ ಅರ್ಧ ರೇಟೂ ಸಿಗುವುದಿಲ್ಲ.

ಪ್ರತಿ ಮಂಗಳವಾರ, ಶುಕ್ರವಾರ ಕೃಷಿ ಹವಾಮಾನ ಸಲಹೆ ಬರುತ್ತದೆ. ‘ಮೇಘದೂತ್’ ಆ್ಯಪ್‌ನಲ್ಲಿ ಜಿಲ್ಲೆ ಆರಿಸಿದರೆ ಸಾಕು. ದ್ರಾಕ್ಷಿ ಬಲೆಗೆ ಹಾಕುವ ಮುಂಚೆ, ಮಾವು ಕೀಳಲು ಆಳು ಹೇಳುವ ಮುಂಚೆ ಒಮ್ಮೆ ಅದನ್ನು ನೋಡಿಕೊಳ್ಳಿ. ನಿಮ್ಮೂರಿನಲ್ಲಿ ಈ ವಾರ ಮಳೆ ಬಿದ್ದಿದ್ದರೆ ಊರಿನ ಹೆಸರು, ಎಷ್ಟು ಹೊತ್ತಿಗೆ ಶುರುವಾಯಿತು ಅನ್ನುವುದನ್ನು ಕೆಳಗೆ ಬರೆಯಿರಿ.