ಲೊಟೆ ಲೇಮನ್: ಮಾತನ್ನು ಹಾಡಿದ ಗಾಯಕಿ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ಒಪೆರಾ ಗಾಯಕಿ ಲೊಟೆ ಲೇಮನ್ ಅವರ ಬಗ್ಗೆ ಇಂದು ಮಾತನಾಡುತ್ತೇನೆ. ಹೆಣ್ಣಿನ ಕಂಠದ ಅತಿ ಎತ್ತರದ ಶ್ರೇಣಿಗೆ ಪಾಶ್ಚಾತ್ಯ ಸಂಗೀತದಲ್ಲಿ ಸೊಪ್ರಾನೊ ಎನ್ನುತ್ತಾರೆ. ಆ ಶ್ರೇಣಿಯಲ್ಲಿ ಲೇಮನ್ ಅವರಿಗಿಂತ ಅಚ್ಚುಕಟ್ಟಾಗಿ ಹಾಡಿದವರು ಹಲವರಿದ್ದಾರೆ. ಇವರ ಉಸಿರು ಗಿಡ್ಡ. ಸಾಲಿನ ನಡುವೆಯೇ ಉಸಿರೆಳೆದುಕೊಳ್ಳುವುದು ಧ್ವನಿಮುದ್ರಣಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೂ ಇವರ ಹಾಡು ನಾಟಿದಷ್ಟು ಬೇರೆ ಯಾರದೂ ನನಗೆ ನಾಟಿಲ್ಲ. ಇವರು ಸ್ವರಕ್ಕಿಂತ ಮೊದಲು ಮಾತನ್ನು ಹಿಡಿಯುತ್ತಿದ್ದರು; ಪಾತ್ರದ ನೋವು ಒಂದೊಂದು ಅಕ್ಷರದಲ್ಲೂ ಇರುತ್ತಿತ್ತು.

ಹುಟ್ಟಿದ್ದು 1888ರಲ್ಲಿ, ಪೆರ್ಲೆಬೆರ್ಗ್ ಎಂಬ ಸಣ್ಣ ಊರಿನಲ್ಲಿ. ಬರ್ಲಿನ್ನಿನ ಸಂಗೀತ ಶಾಲೆಯೊಂದು ಇವರಿಗೆ ಪ್ರತಿಭೆಯಿಲ್ಲವೆಂದು ಹೊರಗೆ ಕಳಿಸಿತು. ಕೈ ಹಿಡಿದವರು ಮಟಿಲ್ಡೆ ಮಾಲಿಂಗರ್ ಎಂಬ ಹಿರಿಯ ಗಾಯಕಿ. 1910ರಲ್ಲಿ ಹ್ಯಾಂಬರ್ಗಿನ ರಂಗಮಂದಿರದಲ್ಲಿ ಚಿಕ್ಕಪುಟ್ಟ ಪಾತ್ರಗಳಿಂದ ಶುರುಮಾಡಿ, 1916ರಲ್ಲಿ ವಿಯೆನ್ನಾ ಸೇರಿದರು. ಅದೇ ವರ್ಷ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ತಿದ್ದಿ ಬರೆದ 'ಅರಿಯಾಡ್ನೆ' ಒಪೆರಾದ ಅಭ್ಯಾಸ ನಡೆದಿತ್ತು. ಮುಖ್ಯ ಗಾಯಕಿ ಬಾರದ ದಿನ ಬದಲಿಗೆ ನಿಂತು ಹಾಡಿದವರು ಲೇಮನ್. ಕೇಳಿದ ಸ್ಟ್ರೌಸ್ ಮೊದಲ ಪ್ರದರ್ಶನವನ್ನೇ ಇವರಿಗೆ ಕೊಟ್ಟರು. ಮುಂದೆ ತಮ್ಮ ಸ್ವಂತ ಹೆಂಡತಿಯನ್ನು ಮನಸ್ಸಿನಲ್ಲಿಟ್ಟು ಬರೆದ ಪಾತ್ರವನ್ನೂ, 1924ರಲ್ಲಿ, ಇವರಿಂದಲೇ ಹಾಡಿಸಿದರು.

ಸ್ಟ್ರೌಸರ 'ರೋಸೆನ್‌ಕಾವಲಿಯರ್' ಒಪೆರಾದಲ್ಲಿ ಮೂರು ದೊಡ್ಡ ಸ್ತ್ರೀ ಕಂಠದ ಪಾತ್ರಗಳಿವೆ. ಮೂರನ್ನೂ ಲೇಮನ್ ಹಾಡಿದ್ದಾರೆ. ಹೆಸರಾದದ್ದು ಮಾರ್ಶಲಿನ್ ಪಾತ್ರದಿಂದ. ತನಗೆ ವಯಸ್ಸಾಗುತ್ತಿದೆ, ಎಳೆಯ ಪ್ರಿಯಕರ ಇಂದಲ್ಲ ನಾಳೆ ಬಿಟ್ಟುಹೋಗುತ್ತಾನೆ ಎಂದು ಅರಿತು, ಅವನನ್ನು ತಾನಾಗಿಯೇ ಬಿಟ್ಟುಕೊಡುವ ಘನವಂತೆ ಅವಳು.

1938ರ ಮೇ ತಿಂಗಳು, ಲಂಡನ್ನಿನ ಕಾವೆಂಟ್ ಗಾರ್ಡನ್ ಒಪೆರಾ ಮಂದಿರ. ಅಂದು ಇದೇ ಮಾರ್ಶಲಿನ್ ಪಾತ್ರ. ಅದಾಗಲೇ ಆಸ್ಟ್ರಿಯಾ ಹಿಟ್ಲರನ ಕೈಗೆ ಹೋಗಿತ್ತು. ಲೇಮನ್ ಅವರ ಪತಿ ಓಟ್ಟೊ ಕ್ರೌಸೆ ಕಾಯಿಲೆಯವರು. ಪತಿಯ ಮೊದಲ ಹೆಂಡತಿ ಯಹೂದಿ. ಅವಳ ಮಕ್ಕಳನ್ನು ತಮ್ಮವರೆಂದೇ ಕಂಡ ಲೇಮನ್ ಅವರಿಗೆ ಮಕ್ಕಳ ಗತಿಯೇನೆಂಬ ಚಿಂತೆ. ಮೊದಲ ಅಂಕದ ನಡುವೆ, ಇನ್ನು ನನ್ನಿಂದಾಗದು ಎಂದು ಹೇಳಿ ರಂಗದಿಂದ ಹೊರನಡೆದರು. ಪ್ರೇಕ್ಷಕರ ನಡುವೆ ಕುಳಿತಿದ್ದ ಗಾಯಕಿ ಹಿಲ್ಡೆ ಕೊನೆಟ್ಸ್‌ನಿ ಉಳಿದ ಭಾಗವನ್ನು ಹಾಡಿ ಮುಗಿಸಿದರು. ಇದನ್ನು ವೈಫಲ್ಯವೆಂದು ಎಣಿಸಲು ನನಗೆ ಮನಸ್ಸಿಲ್ಲ. ಅಷ್ಟು ಭಾರ ಹೊತ್ತು ಅವರು ವೇದಿಕೆಯವರೆಗೆ ಬಂದದ್ದೇ ದೊಡ್ಡದು.

ಪತಿ 1939ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ನೆಲೆ ನಿಂತ ಲೇಮನ್, ಅಲ್ಲಿಯವರೆಗೆ ಗಂಡಸರ ಹಾಡೆಂದೇ ಎಣಿಸಲಾಗಿದ್ದ ಶುಬರ್ಟನ 'ವಿಂಟರ್‌ರೈಸೆ' ಗೀತಮಾಲೆಯನ್ನು ಧೈರ್ಯವಾಗಿ ಹಾಡಿ ಮುದ್ರಿಸಿದರು. 1951ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್ ಸಭಾಂಗಣದಲ್ಲಿ ಸಂಗೀತ ಕಚೇರಿಯ ಮಧ್ಯೆ ವಿದಾಯ ಘೋಷಿಸಿದರು. ಆಮೇಲೆ ಸಾಂಟಾ ಬಾರ್ಬರಾದಲ್ಲಿ ಪಾಠ. ಅಲ್ಲಿ ಕಲಿತ ಗ್ರೇಸ್ ಬಂಬ್ರಿ ಎಂಬ ಕಪ್ಪು ಅಮೆರಿಕನ್ ಗಾಯಕಿ, 1961ರಲ್ಲಿ, ಜರ್ಮನಿಯ ಬೈರೋಯ್ಟ್ ಒಪೆರಾ ಉತ್ಸವದ ವೇದಿಕೆ ಏರಿದರು. ಗುರು ತೀರಿಕೊಂಡದ್ದು 1976ರಲ್ಲಿ.

1933ರಲ್ಲಿ ವಿಯೆನ್ನಾದಲ್ಲಿ ಮುದ್ರಿಸಿದ ಸಂಕ್ಷಿಪ್ತ 'ರೋಸೆನ್‌ಕಾವಲಿಯರ್' ಇಂದಿಗೂ ಸಿಗುತ್ತದೆ. ಮೊದಲ ಅಂಕದಲ್ಲಿ ಬರುವ ಮಾರ್ಶಲಿನ್ ಸ್ವಗತದ ಅರ್ಥವನ್ನು ಓದಿಕೊಂಡು, ಆಮೇಲೆ ಲೇಮನ್ ಅವರನ್ನು ಕೇಳಿ. ಅವರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿ.