ವಯಲ್ ಮೇಲಿನ ನಾಲ್ಕು ಹೆಸರು

(ಶಿರಸಿಯಲ್ಲಿ ಅಡಿಕೆ ಬೆಳೆಗಾರರು, ಆಶಾ ಕಾರ್ಯಕರ್ತೆಯರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಹಾವು ಕಚ್ಚಿದವರಿಗೆ ಕೊಡುವ ಎಎಸ್‌ವಿಯ, ಅಂದರೆ ಹಾವಿನ ವಿಷಕ್ಕೆ ಪ್ರತಿಮದ್ದಿನ, ವಯಲನ್ನು (ಸಣ್ಣ ಸೀಸೆಯನ್ನು) ಒಮ್ಮೆ ಕೈಗೆತ್ತಿಕೊಂಡು ಲೇಬಲ್ ಓದಿ. ಅದರಲ್ಲಿ ನಾಲ್ಕು ಹಾವುಗಳ ಹೆಸರಿದೆ, ಪ್ರತಿ ಹೆಸರಿನ ಎದುರು ಒಂದು ಅಂಕಿ ಇದೆ. ನಾಗರಹಾವು 0.6, ಕಟ್ಟುಹಾವು 0.45, ಕೊಳಕುಮಂಡಲ 0.6, ಗರಗಸಮಂಡಲ 0.45. ಕರಗಿಸಿದ ಔಷಧದ ಒಂದು ಮಿಲಿಲೀಟರ್ ಆಯಾ ಹಾವಿನ ಅಷ್ಟು ಮಿಲಿಗ್ರಾಂ ವಿಷವನ್ನು ತಡೆಯಬಲ್ಲದು ಎಂದು ಅದರ ಅರ್ಥ. ಐದನೆಯ ಹೆಸರಿಲ್ಲ. ನಮ್ಮ ಜಿಲ್ಲೆಗೆ ಇದು ಬಹಳ ಮುಖ್ಯವಾದ ಸಂಗತಿ. ಘಟ್ಟದ ಮೇಲೂ ಕಡಲ ದಂಡೆಯಲ್ಲೂ ಕಚ್ಚುವ ಕೆಲವು ಹಾವುಗಳು ಆ ಪಟ್ಟಿಯಲ್ಲಿಲ್ಲ.

ಮೊದಲು ಅಂಕಿಯ ವಿಚಾರ. ಆಸ್ಪತ್ರೆಗೆ ಹೋದ ಕೂಡಲೇ ಹತ್ತು ವಯಲ್ ಏಕೆ, ಎರಡು ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ. ಒಂದು ವಯಲ್ ಎಂದರೆ 10 ಮಿಲಿಲೀಟರ್, ಅದು ತಡೆಯುವುದು 6 ಮಿಲಿಗ್ರಾಂ. ಹತ್ತು ವಯಲಿಗೆ 60 ಮಿಲಿಗ್ರಾಂ. ಅದೇ ಹಾವು ಒಮ್ಮೊಮ್ಮೆ 147 ಮಿಲಿಗ್ರಾಂವರೆಗೂ ಬಿಡಬಲ್ಲದು, ಆದ್ದರಿಂದ ಗರಿಷ್ಠ ಪ್ರಮಾಣ 25 ವಯಲ್ ಹತ್ತಿರ ಬಂದು ನಿಲ್ಲುತ್ತದೆ. ಮಗುವಿಗೂ ದೊಡ್ಡವರಷ್ಟೇ ವಯಲ್ ಬೇಕು. ಹಾವೇನೂ ಮಗುವನ್ನು ನೋಡಿ ವಿಷ ಕಡಿಮೆ ಬಿಡುವುದಿಲ್ಲ! ತೂಕ ನೋಡಿ ಕಡಿಮೆ ಮಾಡುವುದು ಬೆರೆಸುವ ಸಲೈನನ್ನು ಮಾತ್ರ.

ಈಗ 0.6 ಎಂಬ ಅಂಕಿ ಎಲ್ಲಿಂದ ಬಂತು? ಔಷಧಶಾಸ್ತ್ರದವರ ದಿನದ ಕೆಲಸ ಇಲ್ಲಿದೆ. 18ರಿಂದ 22 ಗ್ರಾಂ ತೂಗುವ ಇಲಿಮರಿಗಳನ್ನು ಐದೈದರ ಗುಂಪು ಮಾಡುತ್ತಾರೆ. ವಿಷದ ಬೇರೆ ಬೇರೆ ಪ್ರಮಾಣವನ್ನು ಬಾಲದ ರಕ್ತನಾಳಕ್ಕೆ ಕೊಟ್ಟು, ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಪ್ರಮಾಣ ಎಷ್ಟೆಂದು ಮೊದಲು ಕಂಡುಕೊಳ್ಳುತ್ತಾರೆ. ಆಮೇಲೆ ಅದರ ಸುಮಾರು ಐದು ಪಟ್ಟು ವಿಷಕ್ಕೆ ಎಎಸ್‌ವಿಯನ್ನು ಹಂತಹಂತವಾಗಿ ಹೆಚ್ಚಿಸಿ ಬೆರೆಸಿ, 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ನಂತರ ಚುಚ್ಚುತ್ತಾರೆ. 24 ಗಂಟೆ ಕಳೆದ ಮೇಲೆ ಅರ್ಧ ಇಲಿಗಳು ಬದುಕಿ ಉಳಿಯಲು ಎಷ್ಟು ಎಎಸ್‌ವಿ ಬೇಕಾಯಿತೋ ಅದೇ ಲೆಕ್ಕದ ಆಧಾರ.

ಈ ಪರೀಕ್ಷೆಯಲ್ಲಿ ಎರಡು ಕೊರತೆ ಇವೆ, ಅವನ್ನು ತಿಳಿಯದೆ ಅಂಕಿಯನ್ನು ನಂಬಬಾರದು. ಒಂದು, ಸೀಸೆಯೊಳಗೇ ವಿಷ ಮತ್ತು ಮದ್ದು ಅರ್ಧ ಗಂಟೆ ಕೂಡಿ ಕೂತಿರುತ್ತವೆ. ತೋಟದಲ್ಲಿ ಕಡಿಸಿಕೊಂಡವನಿಗೆ ಮದ್ದು ತಲುಪುವುದು ಎರಡು ಮೂರು ಗಂಟೆ ಬಿಟ್ಟು, ಅಷ್ಟರಲ್ಲಿ ವಿಷ ತನ್ನ ಕೆಲಸ ಶುರುಮಾಡಿರುತ್ತದೆ. ಆದ್ದರಿಂದ ಈಗಿನ ಸಂಶೋಧಕರು ಮೊದಲು ವಿಷ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮದ್ದು ಕೊಡುವ ಪ್ರಯೋಗವನ್ನೂ ಮಾಡುತ್ತಾರೆ. ಇನ್ನೊಂದು, ಇಲಿ ಸತ್ತಿತೋ ಬದುಕಿತೋ ಎಂದಷ್ಟೇ ನೋಡಿದರೆ ರಕ್ತ ಹೆಪ್ಪುಗಟ್ಟದಿರುವುದು, ಮಾಂಸ ಕೊಳೆಯುವುದು, ಮೂತ್ರಪಿಂಡ ಕೆಡುವುದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇವಕ್ಕೆ ಬೇರೆ ಬೇರೆ ಪರೀಕ್ಷೆಗಳಿವೆ. ಲೇಬಲ್ಲಿನ ಒಂದು ಅಂಕಿ ಇವೆಲ್ಲವನ್ನೂ ಹೇಳುವುದಿಲ್ಲ.

ಪರೀಕ್ಷೆಯ ಆಚೆಗೆ ಇನ್ನೊಂದು ಕೊರತೆ ಇದೆ, ಅದು ವಿಷದ ಮೂಲ. ನಮ್ಮ ದೇಶದಲ್ಲಿ ಎಎಸ್‌ವಿ ತಯಾರಿಸಲು ಬೇಕಾದ ವಿಷದ ಬಹುಪಾಲು ಚೆನ್ನೈ ಬಳಿಯ, ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ ಬರುತ್ತದೆ. 1978ರಲ್ಲಿ ಶುರುವಾದ ಸಂಘ ಅದು. ಆ ಹಾವುಗಳು ತಮಿಳುನಾಡಿನವು. ಕುದುರೆಗೆ ಆ ವಿಷವನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ತೆಗೆದು, ಪೆಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸಿ ಶುದ್ಧಮಾಡಿ ಒಣಗಿಸುತ್ತಾರೆ. ಕುದುರೆ ಯಾವ ವಿಷ ಕಂಡಿದೆಯೋ ಅದಕ್ಕಷ್ಟೇ ಉತ್ತರ ಕೊಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ದೇಶದ ಬೇರೆ ಬೇರೆ ಕಡೆಯ ಹಾವುಗಳ ವಿಷವನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಜಾತಿಯ ಹಾವಾದರೂ ಪ್ರದೇಶ ಬದಲಾದರೆ ವಿಷದ ಘಟಕಗಳು ಬದಲಾಗುತ್ತವೆ, ಕೆಲವು ಕಡೆಯ ವಿಷದ ಮೇಲೆ ಮಾರುಕಟ್ಟೆಯ ಎಎಸ್‌ವಿ ಲೇಬಲ್ಲಿನಷ್ಟು ಕೆಲಸ ಮಾಡುವುದಿಲ್ಲ ಎಂದು ಅವರು ತೋರಿಸಿದ್ದಾರೆ. ಸಾಲದ್ದಕ್ಕೆ, ವಯಲ್ಲಿನ ಒಟ್ಟು ಪ್ರತಿಕಾಯದಲ್ಲಿ ವಿಷಕ್ಕೆ ಅಂಟುವುದು ಸಾಮಾನ್ಯವಾಗಿ ಶೇ. 10ರಿಂದ 20 ಮಾತ್ರ. ಉಳಿದದ್ದು ಕುದುರೆ ತನ್ನ ಬದುಕಿನಲ್ಲಿ ಕಂಡ ಬೇರೆ ಸೋಂಕುಗಳ ವಿರುದ್ಧದ್ದು. ಅದು ನಮ್ಮ ಮೈಗೆ ಹೋಗಿ ಅಲರ್ಜಿಗಷ್ಟೇ ದಾರಿಯಾಗುತ್ತದೆ.

ಅಲರ್ಜಿಯ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಎರಡು ಮಾತು. ಚರ್ಮಕ್ಕೆ ಒಂದು ಹನಿ ಚುಚ್ಚಿ ನೋಡುವ 'ಟೆಸ್ಟ್ ಡೋಸ್' ಯಾವ ಭರವಸೆಯನ್ನೂ ಕೊಡುವುದಿಲ್ಲ, ಅದರಿಂದ ಸಮಯ ಹೋಗುತ್ತದೆ ಅಷ್ಟೆ. ಎಎಸ್‌ವಿ ಶುರುಮಾಡುವ ಮೊದಲೇ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲಿರಲಿ. ದೊಡ್ಡವರಿಗೆ ತೊಂದರೆ ಕಾಣಿಸಿದ ಕೂಡಲೇ 0.5 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಶ್ರೀಲಂಕಾದಲ್ಲಿ 1,007 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಂಚಿತವಾಗಿ 0.25 ಮಿಲಿಗ್ರಾಂ ಅಡ್ರಿನಲಿನ್ ಚರ್ಮದಡಿ ಕೊಟ್ಟವರಲ್ಲಿ ತೀವ್ರ ಅಲರ್ಜಿ ಗಣನೀಯವಾಗಿ ಕಡಿಮೆಯಾಯಿತು. ಎಲ್ಲರೂ ರೂಢಿಯಿಂದ ಕೊಡುವ ಹೈಡ್ರೋಕಾರ್ಟಿಸೋನ್, ಪ್ರೊಮೆಥಜಿನ್‌ಗಳಿಂದ ಅಂಥ ಲಾಭ ಕಾಣಲಿಲ್ಲ. ಇನ್ನು ವಯಲ್ಲಿಗೆ ನೀರು ಹಾಕಿದ ಮೇಲೆ ಕುಲುಕಬೇಡಿ. ಕುಲುಕಿದರೆ ನೊರೆ ಬಂದು ಪ್ರೋಟೀನ್ ಕೆಡುತ್ತದೆ. ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಕರಗಲು ಕೆಲವು ನಿಮಿಷ ಹಿಡಿಯುತ್ತದೆ.

ಇನ್ನೊಂದು ಅಗ್ಗದ ಸಾಧನವಿದೆ, 20 ನಿಮಿಷದ ರಕ್ತ ಪರೀಕ್ಷೆ. ಸಣ್ಣ ಊರಿನಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಎರಡು ಮೂರು ಮಿಲಿಲೀಟರ್ ರಕ್ತ ತೆಗೆದು ಒಣ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಒಮ್ಮೆ ಮಾತ್ರ ಓರೆಮಾಡಿ ನೋಡುವುದು. ರಕ್ತ ನೀರಿನಂತೆ ಹರಿದರೆ ಮಂಡಲದ ವಿಷ ಹೆಪ್ಪುಗಟ್ಟಿಸುವ ಅಂಶಗಳನ್ನು ತಿಂದುಹಾಕಿದೆ ಎಂದರ್ಥ. ತಪ್ಪುವುದು ಎಲ್ಲಿ? ಪ್ಲಾಸ್ಟಿಕ್ ಟ್ಯೂಬಿನಲ್ಲಿ. ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದೇ ಗಾಜಿನ ಮೈ, ಪ್ಲಾಸ್ಟಿಕ್‌ಗೆ ಆ ಗುಣವಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜಿನ ಟ್ಯೂಬ್ ಕೂಡ ಮೋಸ ಮಾಡುತ್ತದೆ. ಅನುಮಾನ ಬಂದರೆ ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತವನ್ನೂ ಹಾಗೇ ಇಟ್ಟು ನೋಡಿ. ಎಎಸ್‌ವಿ ಕೊಟ್ಟ ಮೇಲೆ ಮತ್ತೆ ಪರೀಕ್ಷಿಸಬೇಕಾದದ್ದು ಆರು ಗಂಟೆ ಬಿಟ್ಟು. ಮದ್ದು ವಿಷವನ್ನು ಹಿಡಿದರೂ ಕಳೆದುಹೋದ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. ಒಂದು ಗಂಟೆಗೇ ನೋಡಿ 'ಮದ್ದು ನಾಟಲಿಲ್ಲ' ಎಂದು ಮತ್ತೆ ಹತ್ತು ವಯಲ್ ಏರಿಸುವುದು ದುಂದು.

ಇನ್ನು ಪಟ್ಟಿಯಲ್ಲಿಲ್ಲದ ಹಾವುಗಳಿಗೆ ಬರೋಣ. ಸೊಪ್ಪಿನ ಬೆಟ್ಟದಲ್ಲಿ, ತೋಟದಲ್ಲಿ ದರಕಿನ (ಒಣಗಿದ ಎಲೆಯ) ಅಡಿ ಸುರುಳಿ ಸುತ್ತಿ ಕೂರುವ, ಮೂತಿ ತುದಿ ಮೇಲಕ್ಕೆ ಎದ್ದಿರುವ ಸಣ್ಣ ಗುಳಿಮಂಡಲ ನಿಮಗೆ ಗೊತ್ತು. ಒಂದು ಅಡಿಯೋ ಒಂದೂವರೆ ಅಡಿಯೋ ಉದ್ದ. ಮಕ್ಕಳ ಬೆರಳಿಗೆ, ಹುಲ್ಲು ಕೊಯ್ಯುವವರ ಕಾಲಿಗೆ ಕಚ್ಚುತ್ತದೆ. ನೋವು, ಬಾವು, ಕೆಲವರಿಗೆ ರಕ್ತ ಹೆಪ್ಪುಗಟ್ಟದಿರುವುದು, ಇನ್ನು ಕೆಲವರಿಗೆ ಮೂತ್ರಪಿಂಡದ ವೈಫಲ್ಯ. ಇದನ್ನು ಗರಗಸಮಂಡಲ ಎಂದು ತಿಳಿದು ಎಎಸ್‌ವಿ ಕೊಟ್ಟು, ಪ್ರಯೋಜನ ಕಾಣದ ಪ್ರಕರಣಗಳನ್ನು ಕೇರಳದ ವೈದ್ಯರು 2007ರಲ್ಲಿ ಪ್ರಕಟಿಸಿದರು. ನಾಲ್ಕು ಹಾವಿನ ಎಎಸ್‌ವಿಗೆ ಈ ವಿಷ ಬಗ್ಗುವುದಿಲ್ಲ, ಕೊಟ್ಟರೆ ಉಳಿಯುವುದು ಅಲರ್ಜಿಯ ಅಪಾಯ ಮಾತ್ರ. ಮೂತ್ರದ ಪ್ರಮಾಣ ಅಳೆಯುತ್ತಿರುವುದು, ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡುವುದು, ಬೇಕಾದಾಗ ಡಯಾಲಿಸಿಸ್, ಸದ್ಯಕ್ಕೆ ಚಿಕಿತ್ಸೆ ಅಷ್ಟೆ. ಕಾಳಿಂಗ ಸರ್ಪಕ್ಕೂ ನಮ್ಮ ವಯಲ್ಲಿನಲ್ಲಿ ಮದ್ದಿಲ್ಲ, ಅದು ಕಚ್ಚುವುದು ಅಪರೂಪ ಎನ್ನುವುದೊಂದು ಪುಣ್ಯ.

ಘಟ್ಟ ಇಳಿದು ಕಾರವಾರ, ಅಂಕೋಲೆಗೆ ಹೋದರೆ ಕಡಲ ಹಾವು. ಬಲೆ ಎಳೆದು ಮೀನು ಬೇರೆ ಮಾಡುವಾಗ ಕೈಗೆ ಕಚ್ಚುತ್ತದೆ. ಹಲ್ಲು ಸಣ್ಣದು, ನೋವೇ ತಿಳಿಯದಿರಬಹುದು, ಹಾಗಾಗಿ ಮುಳ್ಳು ತಾಗಿತು ಎಂದುಕೊಂಡು ಕೆಲಸ ಮುಂದುವರಿಸುತ್ತಾರೆ. ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಮೈಕೈ ನೋವು, ಬಾಯಿ ತೆರೆಯಲು ಬಿಗಿತ, ಆಮೇಲೆ ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ. ಸ್ನಾಯು ಒಡೆದು ಅದರ ಕೆಂಪು ಪ್ರೋಟೀನ್ ರಕ್ತಕ್ಕೆ ಸೇರಿದೆ ಎಂದು ಇದು ಹೇಳುತ್ತದೆ. ಜತೆಗೆ ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲಬಹುದಾದದ್ದು ಅದರಿಂದ. ಕಡಲ ಹಾವಿನ ಎಎಸ್‌ವಿ ಆಸ್ಟ್ರೇಲಿಯಾದಲ್ಲಿ ತಯಾರಾಗುತ್ತದೆ. ನಮ್ಮ ನಾಲ್ಕು ಹಾವಿನದ್ದನ್ನು ಇಲ್ಲಿ ಬಳಸಿ ಲಾಭವಿಲ್ಲ. ಇಸಿಜಿ, ಪೊಟ್ಯಾಸಿಯಂ, ಉಸಿರಾಟ ಇವುಗಳ ಮೇಲೆ ಕಣ್ಣಿಡಬಲ್ಲ ಆಸ್ಪತ್ರೆಗೆ ಮೊದಲೇ ಕಳಿಸಬೇಕು.

ಪಟ್ಟಿಯಲ್ಲಿದ್ದೂ ಮದ್ದು ಸೋಲುವ ಒಂದು ಸಂದರ್ಭ ಕಟ್ಟುಹಾವು. ನಾಗರಹಾವಿನ ವಿಷ ಸ್ನಾಯುವಿನ ಮೇಲೆ ನರದ ಸಂದೇಶ ಹಿಡಿಯುವ ಗ್ರಾಹಕಗಳಿಗೆ (ರಿಸೆಪ್ಟರ್) ಅಡ್ಡಕೂರುತ್ತದೆ, ಆದ್ದರಿಂದ ಅಟ್ರೋಪಿನ್ 0.6 ಮಿಲಿಗ್ರಾಂ ಜತೆ ನಿಯೋಸ್ಟಿಗ್ಮಿನ್ 1.5 ಮಿಲಿಗ್ರಾಂ ಕೊಟ್ಟರೆ ಜೋಲುಬಿದ್ದ ರೆಪ್ಪೆ ಗಂಟೆಯೊಳಗೆ ಏಳುವುದನ್ನು ನೋಡಬಹುದು. ಇದು ದೊಡ್ಡವರ ಪ್ರಮಾಣ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಹಾಳಾದ ಮೇಲೆ ಎಷ್ಟು ವಯಲ್ ಕೊಟ್ಟರೂ ನರ ವಾಪಸ್ ಬರುವುದಿಲ್ಲ, ಅದು ಹೊಸದಾಗಿ ಬೆಳೆಯಬೇಕು. ಅಷ್ಟು ದಿನ ವೆಂಟಿಲೇಟರೇ ಗತಿ.

ಇಷ್ಟೆಲ್ಲ ಕೊರತೆಯ ನಡುವೆ ಸಂಶೋಧಕರು ಹುಡುಕುತ್ತಿರುವುದು ಹಾವಿನ ಜಾತಿ ಕೇಳದ ಮದ್ದನ್ನು. ಬಹುತೇಕ ಹಾವಿನ ವಿಷದಲ್ಲಿ ಫಾಸ್ಫೋಲಿಪೇಸ್ ಎಂಬ ಕಿಣ್ವ ಇದೆ, ಮಂಡಲಗಳಲ್ಲಿ ಸತುವಿನ ನೆರವಿಲ್ಲದೆ ಕೆಲಸ ಮಾಡದ ಕಿಣ್ವಗಳೂ ಇವೆ. ಮೊದಲನೆಯದನ್ನು ತಡೆಯುವ ವರೆಸ್ಪ್ಲಾಡಿಬ್ ಗುಳಿಗೆಯಾಗಿ ನುಂಗಬಲ್ಲ ಮದ್ದು. ಅದರ ಇತಿಹಾಸ ಕುತೂಹಲದ್ದು. ಹೃದಯಾಘಾತ ಆದವರಿಗೆಂದು 5,145 ಜನರ ಮೇಲೆ ಪ್ರಯೋಗ ಮಾಡಿದಾಗ ಲಾಭ ಕಾಣಲಿಲ್ಲ, ಬದಲಿಗೆ ಮತ್ತೆ ಹೃದಯಾಘಾತ ಆಗುವುದೇ ಹೆಚ್ಚಾಯಿತು. 2012ರಲ್ಲಿ ಪ್ರಯೋಗ ನಿಲ್ಲಿಸಿದರು. ಅಲ್ಲಿ 16 ವಾರ ಕೊಡುವ ಯೋಜನೆಯಿತ್ತು, ಹಾವು ಕಡಿತಕ್ಕೆ ಬೇಕಾದದ್ದು ಕೆಲವೇ ದಿನ, ಹಾಗಾಗಿ ಮೂಲೆಗೆ ಬಿದ್ದ ಮದ್ದು ಮತ್ತೆ ಕೆಲಸಕ್ಕೆ ಬಂತು. ಭಾರತ ಮತ್ತು ಅಮೆರಿಕದಲ್ಲಿ ಎಎಸ್‌ವಿ ಜತೆಗೆ ಇದನ್ನು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂದಿದೆ. ಒಟ್ಟಾರೆ ನೋಡಿದರೆ ನಿರೀಕ್ಷಿಸಿದ ಮಟ್ಟದ ವ್ಯತ್ಯಾಸ ಸಾಬೀತಾಗಲಿಲ್ಲ. ಕಡಿತವಾಗಿ ಐದು ಗಂಟೆಯೊಳಗೆ ಬಂದವರಲ್ಲಿ ಮಾತ್ರ ಆಸೆ ಹುಟ್ಟಿಸುವಷ್ಟು ಸುಧಾರಣೆ ಕಂಡಿತು. ಚಿಕ್ಕ ಗುಂಪಿನ ಈ ಲಾಭವನ್ನು ಹೊಸ ಪ್ರಯೋಗದಲ್ಲಿ ಮತ್ತೆ ನೋಡುವವರೆಗೂ ನಂಬಬಾರದು, ಪತ್ರಿಕೆಯಲ್ಲಿ 'ಹಾವು ಕಡಿತಕ್ಕೆ ಗುಳಿಗೆ ಬಂತು' ಎಂದು ಬರೆದರೂ. ಸತುವನ್ನು ಕಿತ್ತುಕೊಳ್ಳುವ ಯೂನಿಥಿಯಾಲ್ ಹಳೆಯ ಪಾದರಸ ವಿಷದ ಮದ್ದು. ಇಲಿಗಳ ಮೇಲೆ ಅದು ಆಫ್ರಿಕಾದ ಗರಗಸಮಂಡಲದ ವಿಷವನ್ನು ತಡೆಯಿತು. ಕೀನ್ಯಾದಲ್ಲಿ ಆರೋಗ್ಯವಂತರಿಗೆ ಕೊಟ್ಟು ಎಷ್ಟು ಪ್ರಮಾಣ ಸುರಕ್ಷಿತ ಎಂದೂ ನೋಡಿದ್ದಾರೆ.

ಇವು ನಮ್ಮ ಗುಳಿಮಂಡಲಕ್ಕೂ ಕಡಲ ಹಾವಿಗೂ ಆಗುತ್ತವೆಯೇ ಎಂದು ಹೇಳಲು ಇಲ್ಲಿನ ರೋಗಿಗಳ ದಾಖಲೆ ಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಆಶಾ ಅಕ್ಕಂದಿರಲ್ಲಿ ಕೇಳುವುದು ಇಷ್ಟು: ಕಡಿತದ ಹೊತ್ತು, ಜಾಗ, ಕಟ್ಟು ಬಿಗಿದಿದ್ದರೆ ಅದು, ಆಸ್ಪತ್ರೆ ಮುಟ್ಟಿದ ಹೊತ್ತು ಬರೆಯಿರಿ. ಹಾವನ್ನು ಹೊಡೆದು ತರಬೇಡಿ, ತಾನಾಗಿ ಸಿಕ್ಕರೆ ದೂರದಿಂದ ಮೊಬೈಲಿನಲ್ಲಿ ಒಂದು ಫೋಟೊ ಸಾಕು. ಫೋಟೊ ಇಲ್ಲದಿದ್ದರೆ ಜಾತಿಯ ಅಂಕಣದಲ್ಲಿ 'ಗೊತ್ತಿಲ್ಲ' ಎಂದೇ ಇರಲಿ. ಊಹಿಸಿ 'ಕೊಳಕುಮಂಡಲ' ಎಂದು ತುಂಬಿದರೆ, ಗುಳಿಮಂಡಲ ಕಚ್ಚಿದವನ ಮೂತ್ರಪಿಂಡ ಏಕೆ ಎಎಸ್‌ವಿಗೆ ಸುಧಾರಿಸಲಿಲ್ಲ ಎಂದು ಮುಂದೆ ಲೆಕ್ಕ ಹಾಕುವವರಿಗೆ ತಿಳಿಯದೇ ಹೋಗುತ್ತದೆ.